ಡಾಕ್ಟರಿಗೆ ಅಜ್ಜಿಯ ಪ್ರಶ್ನೆ

ಬೆಳಗಿನ ಹೊತ್ತು ಯಾರ ಮನೆಯಲ್ಲಾದರೂ ಸ್ಟೀಲಿನ ಲೋಟ ನೆಲಕ್ಕೆ ಬಿದ್ದ ಸದ್ದಾದರೆ ನಾನು ಈಗಲೂ ಕೈಯಲ್ಲಿನ ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಒಂದೇ ಬಿದ್ದು, ಉರುಳಿ, ಸುಮ್ಮನಾದರೆ ಸರಿ. ಸ್ವಲ್ಪ ಹೊತ್ತಿಗೆ ಎರಡನೆಯದು ಬಿದ್ದರೆ ನನ್ನ ಅಂಗಾಲು ತಣ್ಣಗಾಗುತ್ತದೆ. ಮೇಲಿನ ಮನೆಯ ಮಗುವೋ, ಪಾತ್ರೆ ತಿಕ್ಕುವ ಕೆಲಸದವಳೋ ಬೀಳಿಸಿರುತ್ತಾರೆ ಎಂದು ಗೊತ್ತು. ಆದರೂ ಮೂರನೆಯದು ಬೀಳಲಿಲ್ಲ ಎಂದು ಖಾತ್ರಿಯಾಗುವವರೆಗೆ ನಾನು ಗ್ಯಾಸಿನ ಮುಂದಿನಿಂದ ಕದಲುವುದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಒಂದು ಸದ್ದು ಇರಬಹುದು. ಅದನ್ನು ಮಾಡಿದ ಕೈ ಹೋಗಿ ಎಷ್ಟೋ ವರ್ಷವಾದರೂ ಸದ್ದು ಮಾತ್ರ ಹೋಗಿರುವುದಿಲ್ಲ.

ಚೆಂಬೂರಿನ ನಮ್ಮ ಹಳೆಯ ಬಿಲ್ಡಿಂಗಿಗೆ ಮೂರು ಮಾಳಿಗೆ. ನಮ್ಮದು ಎರಡನೆಯ ಮಾಳಿಗೆಯ ಕೊನೆಯ ಮನೆ. ಎರಡು ಕೋಣೆ, ಉದ್ದನೆಯ ಅಡುಗೆಮನೆ, ಬಟ್ಟೆ ಒಣಹಾಕುವ ಒಂದು ಗ್ಯಾಲರಿ. ಅಡುಗೆಮನೆಗೆ ಶಹಾಬಾದ ಕಲ್ಲು ಹಾಸಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಬರಿಮೈಯಲ್ಲಿ ಮಲಗಿದರೆ ಬಾವಿಯ ನೀರಿಗೆ ಬೆನ್ನು ಕೊಟ್ಟಂತೆ ತಂಪು. ಅಪ್ಪ ರಿಫೈನರಿಯಲ್ಲಿ ಫಿಟ್ಟರ್ ಆಗಿದ್ದರು. ಗಾಳಿ ಆ ಕಡೆಯಿಂದ ಬೀಸಿದ ದಿನ ಇಡೀ ಕಾಲನಿಗೆ ಕೊಳೆತ ಮೊಟ್ಟೆಯಂಥ ವಾಸನೆ ಹಬ್ಬುತ್ತಿತ್ತು. ಅಜ್ಜಿ ಕಿಟಕಿ ಹಾಕಿ, "ನಿಮ್ಮಪ್ಪನ ಆಫೀಸು ಬಂತು ನೋಡು" ಎನ್ನುತ್ತಿದ್ದಳು. ಅಮ್ಮ ಟೆಲಿಫೋನ್ ಆಫೀಸಿನಲ್ಲಿ ಆಪರೇಟರ್. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ಸಂಜೆಯೇ ಬರುವುದು. ಹಾಗಾಗಿ ಹಗಲೆಲ್ಲ ಆ ಮನೆ ಅಜ್ಜಿಯದು, ನನ್ನದು, ಮತ್ತು ಅಪ್ಪನ ಕೊನೆಯ ತಂಗಿ ವನಜಾ ಅತ್ಯಾಳದು.

ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಮತ್ತು ಅತ್ಯಾ ಹಾವೇರಿ ಬಿಟ್ಟು ಮುಂಬಯಿಗೆ ಬಂದಿದ್ದರು. ಅತ್ಯಾ ಬಿಲ್ಡಿಂಗಿನ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದಳು. ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ಮಡಚಿ ಕೂತು, ತುಟಿಯಲ್ಲಿ ಸೂಜಿ ಕಚ್ಚಿಕೊಂಡು, ಯಾರ ಸೀರೆಯನ್ನಾದರೂ ಮಡಿಲ ತುಂಬ ಹರಡಿಕೊಂಡಿರುತ್ತಿದ್ದಳು. ಹೊಸ ಸೀರೆಯ ಗಂಜಿಯ ವಾಸನೆ, ಅವಳು ತಲೆಗೆ ಹಚ್ಚುತ್ತಿದ್ದ ಮೆಂತ್ಯದ ಎಣ್ಣೆಯ ವಾಸನೆ ಎರಡೂ ಸೇರಿ ಆ ಮೂಲೆಗೇ ಬೇರೆ ಒಂದು ಹವೆ ಇತ್ತು. ಅವಳ ಕೈ ಹೊಲಿಗೆಯಲ್ಲಿ ಎಷ್ಟು ಅಚ್ಚುಕಟ್ಟೋ ಬೆಳಿಗ್ಗೆ ಎದ್ದಾಗ ಅಷ್ಟೇ ಅಡ್ಡಾದಿಡ್ಡಿ. ಚಹಾದ ಲೋಟ ಹಿಡಿದರೆ ಕೈ ಒಮ್ಮೆ ಜಿಗಿದಂತಾಗಿ ಲೋಟ ಹಾರಿ ಬೀಳುತ್ತಿತ್ತು. ಬಾಚಣಿಗೆ, ಹಲ್ಲುಜ್ಜುವ ಬ್ರಶ್ಶು, ಒಮ್ಮೆ ದೇವರ ಮುಂದಿನ ಆರತಿ ತಟ್ಟೆ. ಎಂಟು ಗಂಟೆಯ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಅಜ್ಜಿ, "ಕೈಗೆ ಎಣ್ಣಿ ಹಚ್ಚಿಕೊಂಡಿ ಏನ ವನಜಾ? ಅತ್ತಿ ಮನ್ಯಾಗ ಹಿಂಗ ಚೆಲ್ಲಿದ್ರ ಎರಡನೇ ದಿನಕ್ಕ ವಾಪಸ್ ಕಳಸ್ತಾರ" ಎಂದು ಬೈಯುತ್ತಿದ್ದಳು. ಅಪ್ಪ ಅವಳಿಗೆಂದೇ ಒಂದು ಹಸಿರು ಪ್ಲಾಸ್ಟಿಕ್ ಲೋಟ ತಂದು, "ತಗೋ, ಇದನ್ನ ಬೇಕಾದಷ್ಟು ಸಲ ಬೀಳಿಸು" ಎಂದಿದ್ದರು. ಅತ್ಯಾ ಅದನ್ನು ಬೇಕೆಂದೇ ಅವರ ಕಾಲ ಬಳಿ ಬೀಳಿಸಿ, "ಆವಾಜ್ ಬರೂದಿಲ್ಲ ಅಣ್ಣಾ, ಮಜಾನ ಇಲ್ಲ" ಎಂದಳು. ಅದೊಂದು ರೋಗದ ಗುರುತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಒಂದು ಬೆಳಿಗ್ಗೆ ಅವಳು ಸೀರೆ ಮಡಚುತ್ತಿದ್ದವಳು ಒಮ್ಮೆ ಕೂಗಿ ಬಿದ್ದಳು. ಅದು ಭಯದ ಕೂಗಲ್ಲ. ಎದೆಯೊಳಗಿನ ಗಾಳಿಯನ್ನೆಲ್ಲ ಯಾರೋ ಒಮ್ಮೆಲೇ ಹಿಂಡಿದಂಥ ದನಿ. ಮೈ ಮರದ ಹಲಗೆಯಂತೆ ಬಿಗಿಯಿತು, ಆಮೇಲೆ ಕೈಕಾಲು ಬಡಿದುಕೊಳ್ಳತೊಡಗಿದವು. ಎದುರು ಮನೆಯ ಶಿಂದೆ ಕಾಕು ಉಳ್ಳಾಗಡ್ಡಿ ಜಜ್ಜಿಕೊಂಡು ಓಡಿಬಂದರು. ಯಾರೋ ಬೀಗದ ಕೈಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು, ಯಾರೋ ಚಪ್ಪಲಿ ಮೂಸಿಸಿದರು. ರಾತ್ರಿಪಾಳಿ ಮುಗಿಸಿ ಮಲಗಿದ್ದ ಅಪ್ಪ ಎದ್ದುಬಂದು, ನಾಲಿಗೆ ಕಚ್ಚಿಕೊಂಡಾಳೆಂದು ಹಲ್ಲಿನ ನಡುವೆ ಚಮಚ ಹಾಕಿ ಒತ್ತಿದರು. ಒಂದು ಹಲ್ಲು ಮುರಿಯಿತು. ನಾಲ್ಕು ಜನ ಕೈಕಾಲು ಅದುಮಿ ಹಿಡಿದರು. ಎಲ್ಲರೂ ಪ್ರೀತಿಯಿಂದಲೇ ಮಾಡಿದರು, ಮಾಡಿದ್ದೆಲ್ಲ ತಪ್ಪು. ಎಚ್ಚರವಾದಾಗ ಅವಳಿಗೆ ಏನೂ ನೆನಪಿರಲಿಲ್ಲ. ಒದ್ದೆಯಾದ ಸೀರೆ ನೋಡಿಕೊಂಡು ಮುಖ ಮುಚ್ಚಿಕೊಂಡಳು.

ಪರೇಲಿನ ಒಂದು ದೊಡ್ಡ ಆಸ್ಪತ್ರೆಗೆ ತೋರಿಸಬೇಕೆಂದು ಆಯಿತು. ಗುರುವಾರ ಗುರುವಾರ ಓಪಿಡಿ. ಅಪ್ಪನಿಗೆ ಪಾಳಿ, ಅಮ್ಮನಿಗೆ ರಜೆ ಇಲ್ಲ. ನನ್ನ ಶಾಲೆ ಮಧ್ಯಾಹ್ನದ್ದು. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು, ಅತ್ಯಾಳ ಹಿಂದಿ ತರಕಾರಿಯವನ ಗಾಡಿಯವರೆಗೆ ಮಾತ್ರ. ನಾನು ಹುಟ್ಟಿ ಬೆಳೆದದ್ದೇ ಅಲ್ಲಿ. ಹಿಂದಿ, ಮರಾಠಿ ಎರಡೂ ನೀರಿನಂತೆ ಬರುತ್ತಿದ್ದವು. ಹಾಗಾಗಿ ಮೂವರು ಹೊರಡುತ್ತಿದ್ದೆವು. ಲೋಕಲ್ ಹಿಡಿದು ಕುರ್ಲಾ, ಅಲ್ಲಿ ಗಾಡಿ ಬದಲಿಸಿ ಪರೇಲ್. ಅಜ್ಜಿ ದಾರಿಯುದ್ದಕ್ಕೂ ಅತ್ಯಾಳ ಸೆರಗಿನ ತುದಿಯನ್ನು ತನ್ನ ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಿರುತ್ತಿದ್ದಳು. ಅತ್ಯಾ ನನ್ನ ಕಿವಿಯಲ್ಲಿ, "ನೋಡ ಪಮ್ಮಿ, ಆಕಳಾ ಮಾರಾಕ ಹೊಂಟಂಗ ಹೊಂಟಾಳ" ಎಂದು ನಗುತ್ತಿದ್ದಳು.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಗಟ್ಟಿ ದನಿ. ಬಿದ್ದ ಕತೆಯನ್ನೆಲ್ಲ ನಾನು ಹೇಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆಯೇ, "ಸುಬಹ್ ಉಠ್‌ಕೆ ಇಸ್‌ಕೆ ಹಾಥ್ ಸೆ ಚೀಜ್ ಗಿರ್ತಾ ಹೈ ಕ್ಯಾ?" ಬೆಳಿಗ್ಗೆ ಇವಳ ಕೈಯಿಂದ ಸಾಮಾನು ಬೀಳುತ್ತದೆಯೇ ಎಂದು ನಾನು ಕನ್ನಡದಲ್ಲಿ ಹೇಳಿದಾಗ ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡಳು. "ಯವ್ವಾ, ಇವರಿಗೆ ಹ್ಯಾಂಗ ಗೊತ್ತಾತು?" ಡಾಕ್ಟರ್ ನಿಧಾನವಾಗಿ ತಿಳಿಸಿದರು. ಮಿದುಳಿನ ಎಲ್ಲ ಕಡೆಯೂ ಒಮ್ಮೆಲೇ ಕರೆಂಟು ನುಗ್ಗಿದಂತೆ ಆಗುವ ಫಿಟ್ಸ್ ಇದು. ಬೆಳಗಿನ ಆ ಜಿಗಿತಗಳೂ ಅದೇ ಕಾಯಿಲೆಯ ಚಿಕ್ಕ ರೂಪ. ಸಾಮಾನು ಮೇಲಿಂದ ಮೇಲೆ ಬೀಳತೊಡಗಿದರೆ ದೊಡ್ಡದು ಹತ್ತಿರ ಬಂದಿದೆ ಎಂದು ತಿಳಿಯಬೇಕು. ದೆವ್ವವಲ್ಲ, ಶಾಪವಲ್ಲ, ಗುಳಿಗೆಗೆ ಬಗ್ಗುವಂಥದ್ದು. ಆದರೆ ಎರಡು ವಿಷಯ: ನಿದ್ದೆ ಕೆಡಬಾರದು, ಗುಳಿಗೆ ತಪ್ಪಬಾರದು. ಕೇಳಿಸಿಕೊಂಡು ಅತ್ಯಾ, "ಅಂದ್ರ ನನ್ನ ತಲ್ಯಾಗೂ ಒಂದು ರಿಫೈನರಿ ಅದ ಅನ್ರಿ" ಎಂದಳು. ನಾನು ಅದನ್ನೂ ಹಿಂದಿಗೆ ತಿರುಗಿಸಿದೆ. ಡಾಕ್ಟರ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕರು.

ಆಮೇಲೆ ನನ್ನನ್ನು ಹತ್ತಿರ ಕರೆದು, ಅತ್ಯಾಳನ್ನು ಮಂಚದ ಮೇಲೆ ಮಲಗಿಸಿ ತೋರಿಸಿಕೊಟ್ಟರು. ಬಿದ್ದರೆ ಸುತ್ತಲಿನ ಸಾಮಾನು ಸರಿಸಬೇಕು. ತಲೆಯ ಕೆಳಗೆ ಮೆತ್ತನೆಯದು ಏನಾದರೂ ಇಡಬೇಕು. ಕುತ್ತಿಗೆಯ ಹತ್ತಿರ ಬಿಗಿ ಇದ್ದರೆ ಸಡಿಲಿಸಬೇಕು. ಹಿಡಿದು ಅದುಮಬಾರದು. ಬಾಯೊಳಗೆ ಏನನ್ನೂ ಹಾಕಬಾರದು, ಚಮಚವಿರಲಿ, ನೀರಿರಲಿ, ತೀರ್ಥವಿರಲಿ. ಒಂದು ಮಗ್ಗುಲಿಗೆ ಹೊರಳಿಸಬೇಕು, ಬಾಯಿಯ ಜೊಲ್ಲು ಹೊರಗೆ ಹರಿಯಲಿ. ಗಡಿಯಾರ ನೋಡುತ್ತಿರಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮುಂಚೆಯೇ ಇನ್ನೊಂದು ಬಂದರೆ, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ. ನಾನೂ ಅತ್ಯಾಳನ್ನು ಹೊರಳಿಸಿ ತೋರಿಸಿದೆ. ಡಾಕ್ಟರ್ ನನ್ನ ಬೆನ್ನು ತಟ್ಟಿ, "ಯೇ ಮೇರಿ ಅಸಿಸ್ಟೆಂಟ್ ಹೈ" ಎಂದು ಪಕ್ಕದ ಡಾಕ್ಟರಿಗೆ ಹೇಳಿದರು. ಆ ದಿನ ಚೆಂಬೂರಿನವರೆಗೂ ನಾನು ನೆಲದ ಮೇಲೆ ನಡೆಯಲಿಲ್ಲ.

ದೀಪಾವಳಿಯ ರಜೆಯಲ್ಲಿ ಒಮ್ಮೆ ಬಂದಿತು. ಹೊರಳಿಸಿದೆ, ತಲೆಯ ಕೆಳಗೆ ನನ್ನ ಲಂಗ ಮಡಚಿ ಇಟ್ಟೆ, ಗಡಿಯಾರ ನೋಡಿದೆ. ಶಿಂದೆ ಕಾಕು ಉಳ್ಳಾಗಡ್ಡಿ ಹಿಡಿದು ಬಂದಾಗ ಅಜ್ಜಿಯೇ ಬಾಗಿಲಿಗೆ ಅಡ್ಡ ನಿಂತು, "ಬ್ಯಾಡ್ರಿ, ಅದನ್ನ ಒಗ್ಗರಣಿಗೆ ಹಾಕ್ರಿ, ನಮ್ಮ ಡಾಕ್ಟರ್ ಪಮ್ಮಿ ನೋಡ್ತಾಳ" ಎಂದಳು. ಕನ್ನಡ ತಿಳಿಯದ ಕಾಕು ಅದರ ಧಾಟಿಗೇ ಹಿಂದೆ ಸರಿದರು. ಅತ್ಯಾ ಕಣ್ಣು ತೆರೆದಾಗ ಹೇಳಿದೆ: "ಅತ್ಯಾ, ನೀ ಮನ್ಯಾಗ ಇದ್ದಿ. ನಾ ಪಮ್ಮಿ. ಎರಡ ನಿಮಿಷ ಆಗಿತ್ತು ಅಷ್ಟ." ಅವಳು ಬಹಳ ಹೊತ್ತು ನನ್ನನ್ನೇ ನೋಡಿ, "ಬರೇ ಎರಡ? ನನಗ ನೂರು ವರ್ಷ ಮಲಗಿ ಎದ್ದಂಗ ಆಗೇದ" ಎಂದಳು. ಡಾಕ್ಟರ್ ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಬೆಳಿಗ್ಗೆ ಏಳಕ್ಕೆ, ರಾತ್ರಿ ಊಟವಾದ ಮೇಲೆ. ಬೆಳಗಿನದನ್ನು ಅವಳ ಅಂಗೈಗೆ ಹಾಕುವುದು ನನ್ನ ಕೆಲಸವಾಯಿತು. ತಿಂಗಳುಗಳು ಕಳೆದವು. ಲೋಟಗಳು ಬೀಳುವುದು ನಿಂತೇ ಹೋಯಿತು. ಹಸಿರು ಪ್ಲಾಸ್ಟಿಕ್ ಲೋಟ ಬಚ್ಚಲುಮನೆಗೆ ಹೋಯಿತು. ಅತ್ಯಾ ಹೊಲಿಗೆ ಕ್ಲಾಸಿಗೆ ಸೇರುವ ಮಾತಾಡತೊಡಗಿದಳು, ಒಬ್ಬಳೇ ಲೋಕಲ್‌ನಲ್ಲಿ ಹೋಗುವ ಮಾತು.

ಈಗ ಹೇಳಬೇಕಾದದ್ದನ್ನು ನಾನು ಇಷ್ಟು ವರ್ಷ ಎಲ್ಲಿಯೂ ಬರೆದಿಲ್ಲ.

ಮುಂದಿನ ಮಳೆಗಾಲದ ಒಂದು ಗುರುವಾರ, ಅತ್ಯಾಳನ್ನು ತಲೆಗೆ ವೈರು ಹಚ್ಚಿ ಮಾಡುವ ಪರೀಕ್ಷೆಗೆ ಒಳಕೋಣೆಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರ ಮುಂದೆ ನಾನು ಮತ್ತು ಅಜ್ಜಿ ಇಬ್ಬರೇ. ನಮಗಿಂತ ಮುಂಚೆ ಇದ್ದ ಒಂದು ಕುಟುಂಬದವರು ಹುಡುಗನ ಗುಳಿಗೆ ನಿಲ್ಲಿಸಿ ತಾಯತ ಕಟ್ಟಿಸಿದ್ದರೆಂದು ಡಾಕ್ಟರ್ ಎಲ್ಲರೆದುರು ಬೈದು ಕಳಿಸಿದ್ದರು. ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದದ್ದನ್ನು ನೋಡಿದ್ದೆ. ಆಗ ಅಜ್ಜಿ ನನ್ನ ಕಡೆ ವಾಲಿ ಹೇಳಿದಳು: "ಪಮ್ಮಿ, ಇದನ್ನ ಸರಿಯಾಗಿ ಕೇಳು. ನಿಮ್ಮಜ್ಜನ ಶ್ರಾದ್ಧ ಬಂತು. ಮಡೀಲೆ ಅಡಗಿ ಮಾಡೋರು ಬಾಯಾಗ ಹನಿ ನೀರೂ ಹಾಕೂ ಹಂಗಿಲ್ಲ. ಅವತ್ತೊಂದು ದಿನ ಮುಂಜಾನಿ ಗುಳಗಿ, ಬ್ರಾಹ್ಮಣರ ಊಟ ಆದಮ್ಯಾಲ, ಮಧ್ಯಾಹ್ನ ತಗೊಂಡ್ರ ನಡೀತದೇನು? ನಡಿಯೂದಿಲ್ಲ ಅಂದ್ರ ನಾ ಬ್ಯಾರೆ ಏನರ ಮಾಡ್ತೀನಿ."

ಅಜ್ಜಿ ಮೂಢಳಾಗಿರಲಿಲ್ಲ. ಅವಳು ಕೇಳಿದಳು. ತಾನು ಹುಟ್ಟಿದಾಗಿನಿಂದ ನಡೆಸಿಕೊಂಡು ಬಂದ ಒಂದು ಕಟ್ಟಳೆಯನ್ನು ಡಾಕ್ಟರ ಮೇಜಿನ ಮೇಲಿಟ್ಟು, ಬೇಡವೆಂದರೆ ಬಿಡುತ್ತೇನೆ ಎಂದು ಸಿದ್ಧಳಾಗಿ ಕೂತಿದ್ದಳು. ನಾಚಿಕೆಯಾದದ್ದು ನನಗೆ. ಮಡಿ, ಶ್ರಾದ್ಧ ಎಂದು ಹಿಂದಿಯಲ್ಲಿ ಹೇಳಿದರೆ ನಾವೂ ಆ ತಾಯತದವರ ಸಾಲಿಗೆ ಸೇರುತ್ತೇವೆ, ಡಾಕ್ಟರ್ ನನ್ನನ್ನು ಇನ್ನು ಅಸಿಸ್ಟೆಂಟ್ ಎನ್ನುವುದಿಲ್ಲ ಎಂದು ಕಿವಿ ಬಿಸಿಯಾಯಿತು. ಡಾಕ್ಟರ್ ಪೆನ್ನು ಎತ್ತಿಕೊಂಡು, "ದಾದಿ ಕ್ಯಾ ಪೂಛ್ ರಹೀ ಹೈ?" ಎಂದರು. ಅಜ್ಜಿ ಏನು ಕೇಳುತ್ತಿದ್ದಾಳೆ? ಗುಳಿಗೆಯನ್ನು ಹಾಲಿನ ಜೊತೆ ತೆಗೆದುಕೊಳ್ಳಬಹುದೇ ಎಂದು ಕೇಳುತ್ತಿದ್ದಾಳೆ, ಎಂದೆ. ಡಾಕ್ಟರ್ ನಕ್ಕು ಅಜ್ಜಿಯ ಕಡೆ ತಿರುಗಿ, "ಹಾಂ ಹಾಂ, ಚಲೇಗಾ" ಎಂದರು. ಆ ಒಂದು ಪದ ಅಜ್ಜಿಗೆ ಗೊತ್ತಿತ್ತು. ತರಕಾರಿಯವನು, ಹಾಲಿನವನು, ಕಂಡಕ್ಟರ್ ಎಲ್ಲರ ಬಾಯಲ್ಲೂ ಕೇಳಿದ್ದಳು. ಅವಳ ಮುಖ ಅರಳಿತು. ನಾನು, "ನಡೀತದಂತ" ಎಂದೆ. ಅಜ್ಜಿ ಡಾಕ್ಟರಿಗೆ ಕೈಮುಗಿದಳು.

ಶ್ರಾದ್ಧದ ದಿನ ಅಮ್ಮ ಮುಟ್ಟಾಗಿದ್ದಳು. ಅಡುಗೆಮನೆಗೆ ಬರುವಂತಿರಲಿಲ್ಲ, ಆಫೀಸಿಗೆ ಹೋದಳು. ಅಜ್ಜಿಯ ಜೊತೆ ಅತ್ಯಾಳೇ ಮಡಿ ಉಟ್ಟಳು. ಇನ್ನೂ ಬೆಳಕು ಹರಿಯುವ ಮೊದಲೇ ಎದ್ದು, ತಣ್ಣೀರು ಹಾಕಿಕೊಂಡು, ಯಾರೂ ಮುಟ್ಟದಂತೆ ಕೋಲಿನಿಂದ ಒಣಹಾಕಿದ್ದ ಸೀರೆ ಸುತ್ತಿಕೊಂಡು ಒಲೆಯ ಮುಂದೆ ಕೂತಿದ್ದಳು. ಹಿಂದಿನ ದಿನವೆಲ್ಲ ತಯಾರಿಯ ಓಡಾಟ, ಸರಿಯಾಗಿ ಮಲಗಿರಲಿಲ್ಲ. ಏಳಕ್ಕೆ ನಾನು ಅಭ್ಯಾಸದಂತೆ ಗುಳಿಗೆ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಹೋದೆ. ಮೈಲಿಗೆಯ ಬಟ್ಟೆ, ಒಳಗೆ ಕಾಲಿಡುವಂತಿಲ್ಲ. ಅಜ್ಜಿ ಕಡುಬಿನ ಕಣಕ ನಾದುತ್ತ ತಲೆ ಎತ್ತದೆ, "ಇವತ್ತ ಮಧ್ಯಾಹ್ನ ಪಮ್ಮಿ, ಡಾಕ್ಟರ್ ಹೇಳ್ಯಾರಲ್ಲ" ಎಂದಳು. ಅತ್ಯಾ ಹೊಗೆಗೆ ಕೆಂಪಾದ ಕಣ್ಣಿನಿಂದ ನನ್ನನ್ನು ನೋಡಿದಳು. "ಖರೇನ ಹೇಳ್ಯಾರೇನ?" ಎಂದು ಕೇಳಿದಳು. ಅವಳು ಅಷ್ಟು ನೇರವಾಗಿ ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಗುಳಿಗೆಯನ್ನು ಲಂಗದ ಕಿಸೆಯಲ್ಲಿಟ್ಟುಕೊಂಡು ಹೊರಕೋಣೆಗೆ ಬಂದೆ.

ಅಪ್ಪ ಒದ್ದೆ ಪಂಚೆಯಲ್ಲಿ ಪುರೋಹಿತರ ಮುಂದೆ ಕೂತಿದ್ದರು. ಎಳ್ಳು, ದರ್ಭೆ, ಬಾಳೆಎಲೆಯ ವಾಸನೆ. ಒಳಗಿನಿಂದ ಮೊದಲು ಒಂದು ಮುಚ್ಚಳ ಬಿದ್ದ ಸದ್ದು ಬಂತು. ಶಹಾಬಾದ ಕಲ್ಲಿನ ಮೇಲೆ ಸುತ್ತಿ ಸುತ್ತಿ ನಿಂತಿತು. ಆಮೇಲೆ ಸೌಟು. ಅಜ್ಜಿ, "ನಿದ್ದಿ ಕೆಟ್ಟದ ಹುಡುಗಿಗೆ, ಸಾವಕಾಶ ಮಾಡವಾ" ಎಂದದ್ದು ಕೇಳಿತು. ನನಗೆ ಗೊತ್ತಿತ್ತು. ಆ ಮನೆಯಲ್ಲಿ ಆ ಸದ್ದಿನ ಅರ್ಥ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನೇ. ಎದ್ದು ಹೋಗಿ, ಅಜ್ಜೀ ನಾನು ಡಾಕ್ಟರನ್ನು ಕೇಳಿರಲೇ ಇಲ್ಲ, ಗುಳಿಗೆ ಈಗಲೇ ಕೊಡಬೇಕು, ಎನ್ನಬಹುದಿತ್ತು. ಹತ್ತು ಹೆಜ್ಜೆ ದೂರ. ಮಂತ್ರ ನಡೆಯುತ್ತಿತ್ತು. ನಾನು ಕಿಸೆಯಲ್ಲಿನ ಗುಳಿಗೆಯನ್ನು ಬೆರಳಿನಿಂದ ತಿರುಗಿಸುತ್ತ ಕೂತೆ. ಒಂದು ಲೋಟವೂ ಬಿತ್ತು. ಆಮೇಲೆ ಆ ಕೂಗು.

ಒಳಗೆ ಓಡಿದಾಗ ಅಜ್ಜಿ ಆಗಲೇ ಅವಳನ್ನು ಒಲೆಯಿಂದ ಈಚೆಗೆ ಎಳೆದು ಮಗ್ಗುಲಿಗೆ ಹೊರಳಿಸಿದ್ದಳು. ತನ್ನ ಮಡಿಸೀರೆಯ ಸೆರಗನ್ನೇ ತಲೆಯ ಕೆಳಗೆ ಒತ್ತಿ ಹಿಡಿದಿದ್ದಳು. ನನ್ನನ್ನು ಕಂಡು, "ಗಡಿಯಾರ ನೋಡು" ಎಂದಳು. ನೋಡಿದೆ. ಮೂರು ನಿಮಿಷಕ್ಕೆ ನಿಂತಿತು. ಅತ್ಯಾ ಕಣ್ಣು ಬಿಡಲಿಲ್ಲ. ಹೆಸರು ಹಿಡಿದು ಕೂಗುತ್ತಿದ್ದಂತೆಯೇ ಮತ್ತೆ ಮೈ ಬಿಗಿಯಿತು. ಅಪ್ಪ ಅವಳನ್ನು ಎತ್ತಿಕೊಂಡು ಅದೇ ಒದ್ದೆ ಪಂಚೆಯಲ್ಲಿ ಮೆಟ್ಟಿಲಿಳಿದು ಟ್ಯಾಕ್ಸಿ ಹಿಡಿದರು. ಅವರ ಬೆರಳಲ್ಲಿ ದರ್ಭೆಯ ಪವಿತ್ರ ಇನ್ನೂ ಹಾಗೆಯೇ ಇತ್ತು. ದಾರಿಯಲ್ಲಿ ಮಳೆನೀರು ನಿಂತು ಗಾಡಿಗಳು ಸಾಲುಗಟ್ಟಿದ್ದವು. ಟ್ಯಾಕ್ಸಿಯಲ್ಲಿ ಮೂರನೆಯದು ಬಂತು. ಆಸ್ಪತ್ರೆ ಮುಟ್ಟುವವರೆಗೂ ಅವಳಿಗೆ ಎಚ್ಚರವಾಗಲಿಲ್ಲ; ಆಮೇಲೂ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೋದಳು. ಇಪ್ಪತ್ತನಾಲ್ಕು ವರ್ಷ ತುಂಬಿತ್ತು.

ಡಾಕ್ಟರ್ ವರಾಂಡಕ್ಕೆ ಬಂದು, ಗುಳಿಗೆ ತಪ್ಪಿತ್ತೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ನೇರವಾಗಿ ಡಾಕ್ಟರಿಗೇ ಕನ್ನಡದಲ್ಲಿ, "ಶ್ರಾದ್ಧದ ದಿನ ಮಧ್ಯಾಹ್ನ ತಗೊಂಡ್ರ ನಡೀತದ ಅಂತ ನೀವ ಹೇಳಿದ್ರಲ್ಲಾ, ಚಲೇಗಾ ಅಂದ್ರಲ್ಲಾ" ಎಂದಳು. ಅಪ್ಪ ಅದನ್ನು ಹಿಂದಿಯಲ್ಲಿ ಹೇಳಿದರು. ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದರು. ಅಂಥದ್ದನ್ನು ಯಾರೂ ನನ್ನನ್ನು ಕೇಳಲಿಲ್ಲ, ಹಾಲಿನ ಜೊತೆ ಕೊಡಬಹುದೇ ಎಂದು ಕೇಳಿದ್ದಿರಿ, ಅದಕ್ಕೆ ಹಾಗೆಂದೆ, ಎಂದರು. ಅಪ್ಪ ಒಂದೊಂದೇ ಮಾತನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದರು. ಅಜ್ಜಿ ನನ್ನನ್ನು ನೋಡಿದಳು. ನಾನು ಗೋಡೆಗೆ ಬೆನ್ನು ಒತ್ತಿ ನಿಂತಿದ್ದೆ. ಎಷ್ಟು ಹೊತ್ತು ನೋಡಿದಳೋ ಗೊತ್ತಿಲ್ಲ. ನನಗೆ ಆ ನೋಟ ಇನ್ನೂ ಮುಗಿದಿಲ್ಲ.

"ಮತ್ತ ನಿನಗ ನಡೀತದ ಅಂತ ಹೇಳಿದವರು ಯಾರು?" ಎಂದು ಅಪ್ಪ ಕೂಗಿದರು.

"ಯಾರೂ ಹೇಳಿಲ್ಲಪಾ," ಎಂದಳು ಅಜ್ಜಿ. "ಹುಡುಗಿ ಬರೊಬ್ಬರಿ ಹೇಳಿತ್ತು. ನಾನ ನನಗ ಬೇಕಾದಂಗ ತಿಳಕೊಂಡೆ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಅಪ್ಪ ಅಜ್ಜಿಯ ಜೊತೆ ಮಾತು ಬಿಟ್ಟರು. ಒಂದು ದಿನ, ಒಂದು ವರ್ಷವಲ್ಲ. ಅಜ್ಜಿ ಬದುಕಿದ್ದ ಒಂಬತ್ತು ವರ್ಷವೂ. ಔಷಧಿ ತಂದುಕೊಡುತ್ತಿದ್ದರು, ಸೀರೆ ತರುತ್ತಿದ್ದರು, ಎಲ್ಲವನ್ನೂ ಅಮ್ಮನ ಕೈಯಲ್ಲಿ ಕೊಡಿಸುತ್ತಿದ್ದರು. ಊರಿನಿಂದ ಬಂದ ನೆಂಟರು ಮಡಿಗಾಗಿ ಮಗಳನ್ನು ಕಳಕೊಂಡಳೆಂದು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಂಡರು. ಅಜ್ಜಿ ಮಡಿಸೀರೆಗಳನ್ನೆಲ್ಲ ಹರಿದು ನೆಲ ಒರೆಸಲು ಕೊಟ್ಟಳು. ದಿನಾ ಸಂಜೆ ಅಪ್ಪ ಬರುವ ಹೊತ್ತಿಗೆ ತಾಟು ಹಾಕಿ, "ಶ್ರೀಪಾದಾ, ಊಟಕ್ಕ ಏಳಪಾ" ಎಂದು ಒಮ್ಮೆ ಕರೆಯುತ್ತಿದ್ದಳು. ಅಪ್ಪ ಪೇಪರಿನ ಹಿಂದಿನಿಂದ, ಯಾರಿಗೋ ಹೇಳಿದಂತೆ, "ಹಸಿವಿಲ್ಲ" ಎನ್ನುತ್ತಿದ್ದರು. ಅಜ್ಜಿ ಎದ್ದು ಗ್ಯಾಲರಿಗೆ ಹೋದ ಮೇಲೆ ಬಂದು ಉಣ್ಣುತ್ತಿದ್ದರು. ನಾನು ಅದೇ ತಾಟಿನ ಪಕ್ಕದಲ್ಲಿ ಕೂತು ಉಂಡೆ. ಹನ್ನೊಂದು ವರ್ಷದವಳು ಹೆದರಿದಳು ಎನ್ನೋಣ. ಹದಿನೈದಕ್ಕೆ? ಹದಿನೆಂಟಕ್ಕೆ? ಪ್ರತಿ ವರ್ಷವೂ ಹೇಳುವುದು ಇನ್ನಷ್ಟು ಕಷ್ಟವಾಗುತ್ತ ಹೋಯಿತು, ಏಕೆಂದರೆ ಅಷ್ಟು ವರ್ಷ ಏಕೆ ಹೇಳಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕಾಗುತ್ತಿತ್ತು.

ಅಜ್ಜಿ ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲಿ, ಮನೆಯಲ್ಲಿ ಇಬ್ಬರೇ ಇದ್ದಾಗ, ಅವಳ ಕಾಲು ಒತ್ತುತ್ತ ಕೂತಿದ್ದೆ. "ಅಜ್ಜಿ, ಅವತ್ತ ನಾ ಡಾಕ್ಟರಿಗೆ ಕೇಳಿರಲಿಲ್ಲ" ಎಂದೆ. ಅವಳು ಕಣ್ಣು ತೆರೆಯದೆಯೇ, "ಗೊತ್ತದ" ಎಂದಳು. ಅಪ್ಪನಿಗೆ ಹೇಳಲೇ ಎಂದು ಕೇಳಿದೆ. "ಈಗ ಬ್ಯಾಡ. ಅವಗ ಸಿಟ್ಟು ಮಾಡಾಕ ನಾ ಒಬ್ಬಾಕಿ ಸಾಕು. ನಾ ಹೋದಮ್ಯಾಲ ಹೇಳು, ಪಮ್ಮಿ. ನನಗೂ ನನ್ನ ಮಗಾ ವಾಪಸ್ ಬೇಕಲ್ಲ." ಆ ಕೊನೆಯ ಮಾತನ್ನು ಅವಳು ನಗುತ್ತಲೇ ಹೇಳಿದಳು.

ನಾನು ಹೇಳಲಿಲ್ಲ. ಅಜ್ಜಿಗೆ ಅಪ್ಪ ಬೆಂಕಿ ಕೊಟ್ಟರು, ಕಣ್ಣಲ್ಲಿ ನೀರಿರಲಿಲ್ಲ. ನನ್ನ ಮದುವೆಯಾಯಿತು, ಮಕ್ಕಳಾದರು. ಅಮ್ಮ ತೀರಿಕೊಂಡಳು. ಬಿಲ್ಡಿಂಗನ್ನು ಕೆಡವಿ ಅದೇ ಜಾಗದಲ್ಲಿ ಹದಿನಾಲ್ಕು ಮಾಳಿಗೆ ಏರಿಸಿದರು. ಅತ್ಯಾ ಬಿದ್ದ ನೆಲದ ಕಲ್ಲುಗಳು ಯಾವ ಲಾರಿಯಲ್ಲಿ ಎಲ್ಲಿಗೆ ಹೋದವೋ. ಅಪ್ಪ ಹೊಸ ಮನೆಯಲ್ಲಿ, ಒಂಬತ್ತನೆಯ ಮಾಳಿಗೆಯಲ್ಲಿ, ಕಿಟಕಿಯ ಪಕ್ಕ ಕೂತು ವಯಸ್ಸಾದರು. ನಾನು ಅವರನ್ನು ನೋಡಿಕೊಳ್ಳಲು ಅಲ್ಲಿಗೇ ಬಂದೆ.

ಹೋದ ಚಳಿಗಾಲದ ಒಂದು ಮಧ್ಯಾಹ್ನ, ಅಪ್ಪನಿಗೆ ನಡೆಯಲು ಆಗುತ್ತಿರಲಿಲ್ಲ, ಮಂಚಕ್ಕೆ ಒರಗಿ ಕೂತಿದ್ದರು. ನಾನು ಅನ್ನ ಸಾರು ಕಲಸಿಕೊಂಡು ಹೋದೆ. "ಹಸಿವಿಲ್ಲ" ಎಂದರು. ಅದೇ ಧಾಟಿ, ಅದೇ ಎರಡು ಪದ. ತಾಟನ್ನು ಮಂಚದ ಮೇಲಿಟ್ಟು, ನಿಂತುಕೊಂಡೇ, ಎಲ್ಲವನ್ನೂ ಹೇಳಿಬಿಟ್ಟೆ. ತಾಯತದವರನ್ನು, ನಾಚಿಕೆಯನ್ನು, ಹಾಲನ್ನು, ಹೊಸ್ತಿಲಲ್ಲಿ ಅತ್ಯಾ ಕೇಳಿದ್ದನ್ನು, ನಾನು ಹೌದೆಂದು ತಲೆಯಾಡಿಸಿದ್ದನ್ನು.

"ಅವ್ವಗ ಗೊತ್ತಿತ್ತೇನು?" ಎಂದು ಕೇಳಿದರು.

"ಗೊತ್ತಿತ್ತು. ಆಸ್ಪತ್ರ್ಯಾಗನ ಗೊತ್ತಾಗಿತ್ತು."

ಅವರ ಬಾಯಿ ಮಗುವಿನ ಬಾಯಿಯಂತೆ ಸೊಟ್ಟಗಾಯಿತು. "ಒಂಬತ್ತು ವರ್ಷ ದಿನಾ ಊಟಕ್ಕ ಕರದಳು," ಎಂದರು. ಅಷ್ಟೇ. ಆಮೇಲೆ ನನ್ನ ಕಡೆ ನೋಡದೆ, "ನೀ ಆಗ ಎಷ್ಟನೇ ಇಯತ್ತೆ?" ಎಂದರು.

"ಆರನೇದು."

"ಆರನೇದು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದಂತೆ ಮಾಡಿ, ಬಿಟ್ಟುಬಿಟ್ಟರು. ಕೈಚಾಚಿ ತಾಟನ್ನು ತಮ್ಮ ಕಡೆ ಎಳೆದುಕೊಂಡರು. ಆರಿ ತಣ್ಣಗಾದ ಅನ್ನವನ್ನು ನಿಧಾನವಾಗಿ, ಒಂದಗುಳೂ ಬಿಡದೆ ಉಂಡರು. ನನ್ನನ್ನು ಬೈಯಲಿಲ್ಲ, ತಲೆ ಸವರಲೂ ಇಲ್ಲ. ಮಳೆ ಹಿಡಿಯುವ ಮೊದಲೇ ಹೋದರು. ಅಲ್ಲಿಯವರೆಗೆ ದಿನಾ, ನಾನು ಊಟಕ್ಕೆ ಕರೆಯುವ ಮೊದಲೇ ಎದ್ದು ಕೂತಿರುತ್ತಿದ್ದರು.